ಜ್ವಾಕಿಯಿಂದ ಇಟ್ಟ ಕಾರ್ಡು

ಅಮೆರಿಕದ ಗಡಿ ಅಧಿಕಾರಿ ಕಾರಿನ ಕಿಟಕಿಯೊಳಗೆ ಕೈ ಚಾಚಿದ. ಅಮರೇಶ್ವರ ತನ್ನ ಗ್ರೀನ್ ಕಾರ್ಡನ್ನು ಠೀವಿಯಿಂದ ಕೊಟ್ಟ. ಪಕ್ಕದಲ್ಲಿ ಹೆಂಡತಿ ಪಂಕಜಾ ಬ್ಯಾಗಿನೊಳಗೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ಉಳಿಯಿತು.

"ರೀ... ನನ್ನ ಕಾರ್ಡು ಮನ್ಯಾಗ ಉಳದೈತಲ್ರೀ."

ಅಮರೇಶ್ವರ ಹಿಂದೆ ಮುಂದೆ ನೋಡಿದ. ಹಿಂದೆ ಕೆನಡಾ, ಮುಂದೆ ಅಮೆರಿಕ, ನಡುವೆ ನಯಾಗರಾ ಸೇತುವೆ. ಸೇತುವೆಯ ಮೇಲೆ ಕಾರ್ಡಿಲ್ಲದ ಹೆಂಡತಿ!

ಬೇರೆ ಯಾರಿಗಾದರೂ ಆಗಿದ್ದರೆ ಮಾತು ಬೇರೆ. ಅವರಿದ್ದ ಪಿಸ್ಕಾಟವೇ ಊರಿನ ಕನ್ನಡಿಗರಲ್ಲಿ ಕಾಯಿದೆ ಎಂದರೆ ಅಮರೇಶ್ವರ. ಎಪ್ಪತ್ತೆರಡರ ಚಳಿಗಾಲದಲ್ಲಿ ಇಬ್ಬರಿಗೂ ಕಾರ್ಡು ಬಂದದ್ದೇ ತಡ, ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಅದರದೇ ಪಾಠ. ಹೆಸರು ಗ್ರೀನ್ ಇದ್ದರೂ ಬಣ್ಣ ನೀಲಿ ಯಾಕೆ, ಸದಾ ಮೈಮೇಲೇ ಯಾಕೆ ಇರಬೇಕು, ದೇಶ ಬಿಟ್ಟು ಹೋದರೆ ಏನೇನು ಗಂಡಾಂತರ. ಕೇಳಿದವರಿಗೂ ಹೇಳುವನು, ಕೇಳದವರಿಗೂ ಹೇಳುವನು.

ಹೊರಡುವ ಮುಂಜಾನೆ ಹೆಂಡತಿಯನ್ನೂ ಕೇಳಿದ್ದ.

"ಕಾರ್ಡು?"

"ಜ್ವಾಕಿಯಿಂದ ಇಟ್ಟೀನ್ರಿ."

ಆಮೇಲೆ ಅವನ ಗಮನವೆಲ್ಲ ಡಿಕ್ಕಿಯಲ್ಲಿದ್ದ ಗಂಟಿನ ಮೇಲೆ ಹೋಯಿತು. ಎರಡು ದಿನದ ಪ್ರವಾಸಕ್ಕೆ ಮೆತ್ತನೆಯ ಹಳೇ ನೂಲಿನ ಸೀರೆಗಳು, ಒಂದು ದೊಡ್ಡ ಡಬ್ಬಿ ತುಂಬ ಅಂಟಿನುಂಡೆ!

"ಹರಕ ಸೀರಿ ಯಾಕ?"

"ಫಾಲ್ಸಿನ ಹತ್ರ ನೀರು ಸಿಡೀತಾವಂತಲ್ರಿ. ಒರಸಾಕ ಬೇಕು."

ಹೆಂಗಸರ ಬುದ್ಧಿ ಎಂದು ನಕ್ಕು ಗಾಡಿ ಬಿಟ್ಟಿದ್ದ. ಕೆನಡಾ ಕಡೆಯಿಂದ ಜಲಪಾತ ಇನ್ನೂ ಚೆಂದ ಎಂದು ಸೇತುವೆ ದಾಟಿಸಿದವನೂ ಅವನೇ. ಆ ಕಡೆಯವರು ಪಾಸ್‌ಪೋರ್ಟ್ ನೋಡಿ, ಹೋಗಿ ಬನ್ನಿ ಎಂದು ಬಿಟ್ಟುಬಿಟ್ಟಿದ್ದರು.

ಈಗ ಅಧಿಕಾರಿ ಮುಖ ಸಿಂಡರಿಸಲೂ ಇಲ್ಲ, ಬಿಡಲೂ ಇಲ್ಲ. "ಒಂದು ವರ್ಷದೊಳಗೆ ದೇಶದ ಹೊರಗೆ ಎಷ್ಟು ದಿನ ಬೇಕಾದರೂ ಇರಲಿ. ವಾಪಸ್ಸು ಬರುವಾಗ ಕಾರ್ಡು ಕೈಯಲ್ಲಿರಬೇಕು, ಅಷ್ಟೆ. ಕಳೆದಿದ್ದರೆ ಅರ್ಜಿ ಕೊಡಿ," ಎಂದ.

ವರ್ಷ ಎಂಬ ಮಾತಿಗೆ ಅಮರೇಶ್ವರ ಕೆಮ್ಮಿದ. ಪಂಕಜಾ ಕಿಟಕಿಯಾಚೆ ನೀರು ನೋಡುತ್ತಿದ್ದಳು.

ಗಾಡಿ ತಿರುಗಿಸಿ ಕೆನಡಾ ಕಡೆ ನಿಲ್ಲಿಸಿದರು. ಪಂಕಜಾ ಕಣ್ಣೊರೆಸಿಕೊಂಡಳು. "ಸೋಮವಾರ ಪೂಜಾದಾಗ ದೇವರ ಮುಂದ ಇಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅರ್ಜಿ ಕೊಡೂಣೇನ್ರಿ?"

"ಹುಚ್ಚೀನ ನೀನು! ಕಳದೈತಿ ಅಂತ ಬರಕೊಟ್ರ ಫೈಲಿನಾಗ ಕಪ್ಪು ಚುಕ್ಕಿ ಬೀಳತೈತಿ. ನಾ ಹೋಗಿ ತರತೀನಿ. ಅಲ್ಲೀತನಕ ನೀನು..." ಅವನ ಮುಖ ಅರಳಿತು. "ಟೊರಾಂಟೊದಾಗ ನಿನ್ನ ತಂಗಿ ಅದಾಳಲ್ಲ!"

ತಂಗಿ ಗಿರಿಜಾ ಹೆತ್ತು ವಾರವಾಗಿತ್ತು, ಚೊಚ್ಚಲು. ಧಾರವಾಡದಿಂದ ತಾಯಿ ಬರುವಂತಿರಲಿಲ್ಲ. ನಾನೇ ಹೋಗಿ ಬಾಣಂತನ ಮಾಡಿ ಬರ್ತೀನಿ ಎಂದು ಪಂಕಜಾ ಯುಗಾದಿ ಹೊತ್ತಿಗೇ ಕೇಳಿದ್ದಳು. ಹೊಸ ಕಾರ್ಡಿನವರು ತಿಂಗಳುಗಟ್ಟಲೆ ಹೊರಗಿದ್ದರೆ ಕಾರ್ಡು ಹೋಯಿತೆಂದೇ ಲೆಕ್ಕ ಎಂದು ಅಮರೇಶ್ವರ ಕಾಯಿದೆ ಹೇಳಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಚಹಾ ಕಾಸಲೂ ಬರುತ್ತಿರಲಿಲ್ಲ. ಆತು ಬಿಡ್ರಿ ಎಂದು ಅವಳು ಸುಮ್ಮನಾಗಿದ್ದಳು.

"ಬಾಣಂತಿ ಮನ್ಯಾಗ ಹೋಗಿ ನಾ ಒಬ್ಬಾಕಿ ಭಾರ ಆಗ್ಲೇನ್ರಿ?" ಎಂದಳು ಈಗ.

"ನಾ ಹೇಳಾಕತ್ತೀನಿ, ಹೋಗು!"

ಗಂಡನ ಮಾತು ಮೀರಬಾರದಲ್ಲ. ಬೂತಿಗೆ ಹೋಗಿ ಫೋನ್ ಮಾಡಿದಳು. ಒಂದು ಐಸ್‌ಕ್ರೀಮ್ ತಿನ್ನುವಷ್ಟರಲ್ಲಿ ಷಡ್ಡಕ ಅರವಿಂದನ ಗಾಡಿ ಬಂದು ನಿಂತಿತು. ಏನೋ ಕೆಲಸದ ಮೇಲೆ ಇಲ್ಲೇ ಹತ್ತಿರ ಬಂದಿದ್ದನಂತೆ. ದೈವ ಅಂದರೆ ಇದು ಎಂದುಕೊಂಡ ಅಮರೇಶ್ವರ, ಗಂಟನ್ನು ತಾನೇ ಎತ್ತಿ ಆ ಗಾಡಿಗಿಟ್ಟ.

ಹಗಲೆಲ್ಲ ಡ್ರೈವ್ ಮಾಡಿ ಮನೆ ಮುಟ್ಟಿ, ಬೂಟು ಬಿಚ್ಚಿ ನೇರ ದೇವರ ಮುಂದೆ ನಿಂತ. ಈಶ್ವರನಿದ್ದ. ವಿಭೂತಿ ಗಟ್ಟಿ ಇತ್ತು. ಕಾರ್ಡು ಇರಲಿಲ್ಲ. ಟೊರಾಂಟೊಗೆ ಫೋನ್ ಹಚ್ಚಿದ.

"ಸಾವಕಾಶ ಹುಡುಕ್ರಿ, ಎಲ್ಲಿ ಹೋಗತೈತಿ," ಎಂದಳು ಪಂಕಜಾ. "ಮೊದಲ ಊಟ ಮಾಡ್ರಿ. ಫ್ರೀಜರಿನಾಗ ಡಬ್ಬಿ ಅದಾವು, ದಿನಾ ಒಂದೊಂದು ಬಿಸಿ ಮಾಡಿಕೊಳ್ರಿ. ಮ್ಯಾಲಿಂದ ತಗೀತಾ ಹೋಗ್ರಿ. ಬುಡಕ್ಕ ಕೈ ಹಾಕಬ್ಯಾಡ್ರಿ, ಎಲ್ಲಾ ಬಿದ್ದಾವು."

ಫ್ರೀಜರ್ ತೆಗೆದ. ಹಳೇ ಐಸ್‌ಕ್ರೀಮ್ ಡಬ್ಬಿಗಳು ಒಂದರ ಮೇಲೊಂದು ತುರುಕಿದ್ದವು. ಬ್ಯಾಳಿ, ಚಪಾತಿ, ಎಣ್ಣೆಗಾಯಿ ಪಲ್ಯ, ಹೋಳಿಗೆ. ಅಮರೇಶ್ವರನ ಕಣ್ಣು ತುಂಬಿ ಬಂತು. ಎಂಥ ಹೆಂಡತಿ! ಎರಡು ದಿನ ಊರಿಗೆ ಹೋಗಬೇಕೆಂದರೂ ಗಂಡನ ಹೊಟ್ಟೆಯದೇ ಚಿಂತೆ!

ದಿನಾ ಆಫೀಸಿನಿಂದ ಬಂದು ಹುಡುಕಿದ. ಅಕ್ಕಿ ಚೀಲ ಸುರುವಿದ, ಹಾಸಿಗೆ ಮಗುಚಿದ, ಸೀರೆಗಳನ್ನೆಲ್ಲ ಜಾಡಿಸಿದ. ಹುಡುಕಿ ಸುಸ್ತಾಗಿ ಒಂದು ಡಬ್ಬಿ ಉಂಡು ಮಲಗಿದ. ಫೋನ್ ಮಾಡಿದಾಗಲೆಲ್ಲ ಆ ಕಡೆಯಿಂದ ಮಗುವಿನ ಅಳು, ಗಿರಿಜಾಳ ನಗು. "ಎಣ್ಣಿ ನೀರು ಹಾಕಾಕತ್ತೀನ್ರಿ, ಆಮ್ಯಾಲ ಮಾತಾಡೂಣು," ಎಂದು ಪಂಕಜಾ ಇಟ್ಟೇಬಿಡುವಳು. ಪಾಪ, ಅಲ್ಲೂ ದುಡಿತ ತಪ್ಪಲಿಲ್ಲ ಎಂದು ಇವನು ಮರುಗುವನು.

ತಿಂಗಳು ಕಳೆಯಿತು. ಮಗುವನ್ನು ತೊಟ್ಟಿಲಿಗೆ ಹಾಕಿದ್ದಾಯಿತು, ಗಿರಿಜಾ ಎದ್ದು ಓಡಾಡುವಂತಾದಳು. ಒಂದು ಭಾನುವಾರ ಅಮರೇಶ್ವರ ಫ್ರೀಜರಿಗೆ ಕೈ ಹಾಕಿ, ಹಿಮಕ್ಕೆ ಕಚ್ಚಿಕೊಂಡಿದ್ದ ಕಟ್ಟಕಡೆಯ ಡಬ್ಬಿಯನ್ನು ಕಿತ್ತ. ಅದರ ಬುಡದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ವಿಭೂತಿ ಹಚ್ಚಿದ ನೀಲಿ ಕಾರ್ಡು ತಣ್ಣಗೆ ಮಲಗಿತ್ತು.

ಫೋನ್ ರಿಂಗಾಯಿತು.

"ರೀ, ಡಬ್ಬಿ ಮುಗದಿರಬೇಕಲ್ಲ? ಕರಕೊಂಡು ಹೋಗಾಕ ಬರ್ರಿ."