ಹಾಡಿ ಅಳುವಾಕಿ

ಬಾಯವ್ವ ಬಂದಳೆಂದು ಸುದ್ದಿಯಾದ ಕೂಡಲೇ ಭಜನೆಯವರು ತಾಳ ಕೆಳಗಿಟ್ಟರು. ತೊರಗಲ್ಲಿನ ಆ ಮನೆಯ ಪಡಸಾಲೆಯಲ್ಲಿ ಅವಳ ತಂಗಿ ಸೀತವ್ವನ ಹೆಣವನ್ನು ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂವಿನ ಮಾಲೆ. ಹೆಂಗಸರು ಸರಿದು ಜಾಗ ಬಿಟ್ಟರು. ಸುತ್ತಿನ ಹತ್ತು ಹಳ್ಳಿಗಳಲ್ಲಿ ಬಾಯವ್ವನಂತೆ ಹಾಡಿ ಅಳುವವರು ಇನ್ನೊಬ್ಬರಿಲ್ಲ. ಸತ್ತವರು ಏನು ತಿನ್ನುತ್ತಿದ್ದರು, ಯಾರ ಜೊತೆ ಜಗಳ ತೆಗೆಯುತ್ತಿದ್ದರು, ಯಾವ ಎಮ್ಮೆಯನ್ನು ಹೆತ್ತ ಮಕ್ಕಳಿಗಿಂತ ಹೆಚ್ಚು ಹಚ್ಚಿಕೊಂಡಿದ್ದರು, ಎಲ್ಲವನ್ನೂ ರಾಗ ಕಟ್ಟಿ ಹೇಳುತ್ತ ಅವಳು ಅತ್ತರೆ ವೈರಿಯ ಕಣ್ಣಲ್ಲೂ ನೀರು ಬರಬೇಕು. ಇವತ್ತು ಸತ್ತವಳು ಒಡಹುಟ್ಟಿದ ತಂಗಿ. ಇವತ್ತಿನ ಅಳು ಹೇಗಿರಬೇಡ ಎಂದು ಎಲ್ಲರೂ ಕಾದು ಕುಳಿತರು.

ಬಾಯವ್ವ ಹೆಣದ ಪಕ್ಕ ಕುಳಿತಳು, ಬಾಯಿ ತೆರೆಯಲಿಲ್ಲ. ಎದುರಿಗಿದ್ದವರ ಕೈಗಳನ್ನು ಒಂದೊಂದಾಗಿ ನೋಡತೊಡಗಿದಳು. ಬಾಗಿಲ ಬಳಿ ನಿಂತಿದ್ದ ಮೊಮ್ಮಗಳು ಶೀತಲ್‌ಗೆ ಅಜ್ಜಿ ಹುಡುಕುತ್ತಿರುವುದು ಏನೆಂದು ಗೊತ್ತಾಯಿತು. 

ಎರಡು ತಿಂಗಳ ಹಿಂದಿನ ಮಾತು. ತಮ್ಮೂರು ಉಗರಗೋಳದಲ್ಲಿ ಪಕ್ಕದ ಮನೆಯ ಭರಮಪ್ಪ ತೀರಿಕೊಂಡಾಗ ಬಾಯವ್ವ ಅತ್ತದ್ದನ್ನು ಶೀತಲ್ ಫೋನಿನಲ್ಲಿ ಹಿಡಿದಿದ್ದಳು. ಪಿಯುಸಿ ಓದುವ ಹುಡುಗಿ, ಕೆಟ್ಟ ಮನಸ್ಸೇನಲ್ಲ. ನಮ್ಮ ಅಜ್ಜಿ ಎಂಥವಳು ನೋಡಿ ಎಂಬ ಹೆಮ್ಮೆಯಿಂದಲೇ ರೀಲ್ಸ್‌ಗೆ ಹಾಕಿದಳು. ಭರಮಪ್ಪ ದಿನಾ ಮುಂಜಾನೆ ಬಾಯವ್ವನ ಕಟ್ಟೆಗೆ ಬಂದು ಚಹಾ ಕುಡಿಯುತ್ತಿದ್ದವನು. "ಎರಡೆರಡ ಚಮಚ ಸಕ್ರಿ ಹಾಕ್ಕೊಂತಿದ್ದೆಲ್ಲೋ ಭರಮಣ್ಣಾ, ನಾಳಿಂದ ಚಾ ಯಾರಿಗೆ ಕಾಸಲೋ" ಎಂದು ಅವಳು ಎದೆ ಬಡಿದುಕೊಂಡಿದ್ದಳು. ಯಾವನೋ ಒಬ್ಬ ಆ ಸಾಲನ್ನಷ್ಟೇ ಕತ್ತರಿಸಿ ಡಿಜೆ ಬಡಿತ ಸೇರಿಸಿದ. ಮೂರೇ ದಿನಕ್ಕೆ ಎಲ್ಲೆಲ್ಲಿಯ ಹುಡುಗ ಹುಡುಗಿಯರೋ ಚಹಾದ ಕಪ್ಪು ಹಿಡಿದು ಅದಕ್ಕೆ ಸೊಂಟ ಕುಣಿಸತೊಡಗಿದರು.

ಇದು ಸರಿಯಲ್ಲ ಎಂದು ಶೀತಲ್‌ಗೆ ಆ ಮೊದಲ ದಿನವೇ ಅನ್ನಿಸಿತ್ತು. ಆದರೆ ಇನ್ನೂರು ಮಂದಿಯೂ ನೋಡದಿದ್ದ ಅವಳ ಖಾತೆಗೆ ಲಕ್ಷಗಟ್ಟಲೆ ಜನ ಬರುತ್ತಿದ್ದರು. ಕಾಲೇಜಿನಲ್ಲಿ ಎಂದೂ ಮಾತಾಡಿಸದ ಪ್ರಜ್ಞಾ ತಾನಾಗಿ ಬಂದು ಪಕ್ಕದಲ್ಲಿ ಕುಳಿತಳು. ಇನ್ನೊಂದು ದಿನ ಇರಲಿ, ಇನ್ನೊಂದೇ ದಿನ ಎಂದು ಒಂಬತ್ತು ದಿನ ತಳ್ಳಿ, ಹತ್ತನೆಯ ದಿನ ಅಳಿಸಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಷ್ಟರಲ್ಲಾಗಲೇ ಯರಗಟ್ಟಿ ಸಂತೆಯಲ್ಲಿ ನಾಲ್ಕು ಹುಡುಗರು ಬಾಯವ್ವನನ್ನು ಮುತ್ತಿ, "ಅಜ್ಜಿ, ಒಂದ ಸಲ ಅಳ್ರೆಲಾ, ಆ ಸಕ್ರೀದು" ಎಂದು ಫೋನು ಎತ್ತಿದ್ದರು. ಬರಿಗೈಯಲ್ಲಿ ಮನೆಗೆ ಬಂದ ಮುದುಕಿ ಮೊಮ್ಮಗಳನ್ನು ಬೈಯಲಿಲ್ಲ. "ಹೆಣದ ಮುಂದ ಅತ್ತದ್ದವಾ ಅದು. ನಗಾಕ ಏನಿತ್ತ ಅದರಾಗ?" ಎಂದಷ್ಟೇ ಕೇಳಿದಳು. ನಾಲ್ಕು ಬೈದು, ಬೆನ್ನಿಗೆ ಎರಡು ಹಾಕಿದ್ದರೆ ಚೆನ್ನಾಗಿತ್ತು ಎಂದು ಶೀತಲ್‌ಗೆ ಈಗಲೂ ಅನ್ನಿಸುತ್ತದೆ.

"ದನಿ ತಗೀಯ ಬಾಯವ್ವಾ," ಸೀತವ್ವನ ನೆಗೆಣ್ಣಿ ಮೂಗು ಒರೆಸಿಕೊಳ್ಳುತ್ತ ಅಂದಳು. "ಯಾರೂ ಇಲ್ಲದಾಕಿನ್ನ ಕಳಿಸಿಧಂಗ ಸುಮ್ಮನ ಕಳಸ್ತೀಯೇನ ತಂಗೀನ?"

ಬಾಯವ್ವನ ಕಣ್ಣು ಇನ್ನೂ ಎದುರಿನವರ ಕೈಗಳ ಮೇಲೇ ಇತ್ತು. ಶೀತಲ್ ಒಳಗೆ ಓಡಿ ಒಂದು ಬುಟ್ಟಿ ತಂದಳು. "ಎಲ್ಲಾರೂ ಫೋನ್ ಇದರಾಗ ಹಾಕ್ರಿ. ನಿಮ್ಮ ಕಾಲ ಬೀಳತೇನಿ." ಹೆಂಗಸರು ಒಬ್ಬೊಬ್ಬರಾಗಿ ಹಾಕಿದರು. ಸೀತವ್ವನ ಮೊಮ್ಮಗ ಮುತ್ತಪ್ಪ ಮಾತ್ರ ಮುಖ ಗಂಟಿಕ್ಕಿದ. "ನಾ ವಿಡಿಯೋ ಕಾಲ್ ಹಚ್ಚೇನಿ. ಪುಣೆದಾಗಿಂದ ಮಾವ ನೋಡಾಕತ್ತಾನ."

"ಆಮ್ಯಾಲ ತೋರಸು ಅಣ್ಣಾ. ಈಗೊಂದ ಗಳಿಗಿ ಬ್ಯಾಡ."

ಅವಳ ಮುಖ ನೋಡಿ ಅವನೂ ಹಾಕಿದ. ಶೀತಲ್ ಕೊನೆಗೆ ತನ್ನದನ್ನೂ ಹಾಕಿ, ಬುಟ್ಟಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಬಂದು ಅಜ್ಜಿಯ ಮುಂದೆ ಮೊಣಕಾಲೂರಿದಳು. "ಆಯಿ, ಒಂದೂ ಉಳಿದಿಲ್ಲ. ನಂದೂ ಇಟ್ಟ ಬಂದೇನಿ. ತಪ್ಪಾತು. ಈಗ ಅಳ ಆಯಿ."

ಬಾಯವ್ವ ಮೊಮ್ಮಗಳ ತಲೆ ಸವರಿದಳು. "ನೀ ಇಟ್ಟ ಬಂದಿ, ಖರೆ. ನನಗಿನ್ನೂ ಕಾಣಾಕತ್ತಾವವಾ."

ಆದರೂ ಅವಳು ದನಿ ತೆಗೆದಳು. "ಒಳ್ಳೆಯಾಕಿ ಇದ್ದೆವ್ವಾ ಸೀತವ್ವಾ. ಬಿಟ್ಟ ಹ್ವಾದೆವ್ವಾ." ಯಾರ ಹೆಣಕ್ಕಾದರೂ ಹೊಂದುವ ಮಾತು. ಸೀತವ್ವನ ಸಿಟ್ಟಿಲ್ಲ, ಅವಳ ಕೈಯ ಕರಿಂಡಿ ಚಟ್ನಿಯಿಲ್ಲ, ಅಕ್ಕತಂಗಿಯರು ಒಂದೇ ಸೀರೆಯನ್ನು ಪಾಳಿ ಹಚ್ಚಿ ಉಟ್ಟ ದಿನಗಳಿಲ್ಲ. ಎರಡೇ ಮಾತಿಗೆ ಅಳು ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಆಮೇಲೆ ಬಾಯವ್ವ ತಂಗಿಯ ಹತ್ತಿರಕ್ಕೆ, ಭುಜಕ್ಕೆ ಭುಜ ತಾಗುವಷ್ಟು ಸರಿದಳು. ಸೆರಗು ಬಿಚ್ಚಿ ಇಬ್ಬರ ತಲೆಯ ಮೇಲೂ ಹೊದಿಸಿಕೊಂಡು, ಸತ್ತವಳ ಕಿವಿಗೆ ಬಾಯಿ ಹಚ್ಚಿದಳು. ಬಹಳ ಹೊತ್ತು ಸೆರಗು ಅಲ್ಲಾಡುತ್ತಲೇ ಇತ್ತು. ಒಂದು ಮೊಳ ದೂರದಲ್ಲಿ ಕುಳಿತ ಶೀತಲ್ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಒಂದು ಅಕ್ಷರವೂ ಕೇಳಿಸಲಿಲ್ಲ.