ಕಿವಿಗೆ ನಿಲುಕಿದ ಕೈ

"ಹುಟ್ಟಿದ ತಾರೀಖೇ ಸುಳ್ಳು ಅಂದರೆ ಏನರ್ಥ, ಮಿಸ್ಟರ್ ಜಯತೀರ್ಥ?" ಸೈನ್ಯಕ್ಕೆ ಹುಡುಗರನ್ನು ಸೇರಿಸುವ ಡ್ರಾಫ್ಟ್ ಬೋರ್ಡಿನ ಗುಮಾಸ್ತೆ ಮಾರ್ಗರೆಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

ಜಯತೀರ್ಥ ಹಣೆ ಒರೆಸಿಕೊಂಡ. ವಿಯೆಟ್ನಾಂ ಯುದ್ಧಕ್ಕೆ ಹುಟ್ಟಿದ ತಾರೀಖುಗಳ ಚೀಟಿ ಎತ್ತಿ ಹುಡುಗರನ್ನು ಕರೆಯುತ್ತಿದ್ದ ಕಾಲ. ಗ್ರೀನ್ ಕಾರ್ಡಿನವರಿಗೂ ವಿನಾಯಿತಿ ಇರಲಿಲ್ಲ. ಮೊದಮೊದಲ ಚೀಟಿಗಳಲ್ಲೇ ಮಗ ಪ್ರಾಣೇಶನ ತಾರೀಖು ಬಂದುಬಿಟ್ಟಿತ್ತು. ಅದಾದರೂ ಅವನ ತಾರೀಖೇ? ಧಾರವಾಡದ ಶಾಲೆಯ ಮಾಸ್ತರರು ಮನಸ್ಸಿಗೆ ಬಂದಂತೆ ಗೀಚಿದ್ದು! ಕಾಗದದ ಪ್ರಕಾರ ಹುಡುಗನಿಗೆ ಹತ್ತೊಂಬತ್ತು. ಹೆತ್ತ ಕೌಸಲ್ಯಾಗೆ ಗೊತ್ತು, ಹದಿನೇಳು. ಹದಿನೇಳರವನನ್ನು ಹಾಗೆ ಕರೆಯುವಂತಿಲ್ಲ. ಅದನ್ನು ಹೇಳಲೆಂದೇ ಮೂವರೂ ತಾವಿದ್ದ ಪಾರ್ಸಿಪನಿ ಊರಿನಿಂದ ಬಂದಿದ್ದರು.

"ಮನೆಯಲ್ಲಿ ಇವನ ಕಾಟ ತಡೆಯೋಕಾಗ್ತಿರಲಿಲ್ಲ ಮೇಡಂ, ನಾಲ್ಕಕ್ಕೇ ಶಾಲೆಗೆ ಹಾಕಿದೆ," ಎಂದು ಜಯತೀರ್ಥ ಇಂಗ್ಲಿಷಿನಲ್ಲಿ ತೊದಲಿದ. "ನಮ್ಮ ಕಡೆ ಆಗ ಬರ್ತ್ ಸರ್ಟಿಫಿಕೇಟು ಯಾರು ಕೇಳ್ತಿದ್ರು? ಬಲಗೈ ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತು ಅಂತ ಲೆಕ್ಕ." ತಾನೇ ಮುಟ್ಟಿಯೂ ತೋರಿಸಿದ.

ಮಾರ್ಗರೆಟ್ ತನಗರಿವಿಲ್ಲದೆ ಕೈಯೆತ್ತಿ ತನ್ನ ಕಿವಿ ಮುಟ್ಟಿ ನೋಡಿಕೊಂಡಳು. "ಇವನಿಗೆ ಆಗ ನಾಲ್ಕು ವರ್ಷ ಅಂತೀರಿ. ನಾಲ್ಕು ವರ್ಷದ ಮಗುವಿಗೆ ನಿಲುಕುತ್ತದೆಯೇ?"

"ನಿಲುಕಿತ್ತು," ಎಂದ ಜಯತೀರ್ಥ. ಕೌಸಲ್ಯಾ ಗಂಡನ ಮುಖವನ್ನೇ ನೋಡಿದಳು.

ಮಾರ್ಗರೆಟ್ ದನಿ ತಗ್ಗಿಸಿದಳು. ಪಾಪ, ಕೆಟ್ಟವಳೇನಲ್ಲ, ಅವಳ ತಮ್ಮನ ಮಗನೂ ಅದೇ ಯುದ್ಧದಲ್ಲಿದ್ದ. "ನೀವು ಪ್ರಮಾಣ ಮಾಡಿ ಕೊಟ್ಟ ವೀಸಾ ಕಾಗದದಲ್ಲೂ ಇದೇ ತಾರೀಖಿದೆ. ಸುಳ್ಳು ಅಂತ ಈಗ ಹೇಳಿದರೆ ನಾನು ಇಮಿಗ್ರೇಷನ್‌ನವರಿಗೆ ತಿಳಿಸಲೇಬೇಕು. ಆಮೇಲೆ ನಿಮ್ಮ ಗ್ರೀನ್ ಕಾರ್ಡು, ಕೆಲಸ, ಏನು ಉಳಿಯುತ್ತದೋ ನನಗೆ ಗೊತ್ತಿಲ್ಲ. ಯೋಚಿಸಿ ಹೇಳಿ."

ಜಯತೀರ್ಥ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಒಂದು ಕೋಣೆಯಲ್ಲಿ ಬ್ರೆಡ್ಡು ತಿಂದುಕೊಂಡು ಶುರುಮಾಡಿದ ಸಂಸಾರ ಈಗಷ್ಟೇ ಒಂದು ದಡ ಮುಟ್ಟಿತ್ತು.

"ಯಾಕ್ರೀ ಸುಮ್ಮನಾದ್ರಿ?" ಕೌಸಲ್ಯಾ ಪಿಸುಗುಟ್ಟಿದಳು. "ಹೋದ್ರ ಹೋಗ್ಲಿ. ಊರಿಗೆ ಹೋಗೂಣು. ಹೇಳ್ರೀ."

"ತಡೀ, ಸ್ವಲ್ಪ ವಿಚಾರ ಮಾಡೂಣು."

"ವಿಚಾರ ಮಾಡೋದೇನದ ಇದ್ರಾಗ? ಕೂಸು ಅದು!"

ಗಂಡ ಹೆಂಡಿರ ಮಾತು ಅರ್ಥವಾಗದ ಮಾರ್ಗರೆಟ್ ಹುಡುಗನತ್ತ ತಿರುಗಿದಳು. "ನೀನೇ ಹೇಳಪ್ಪ. ನಿನಗೆಷ್ಟು ವಯಸ್ಸು?"

ಪ್ರಾಣೇಶ ಎದ್ದು ನಿಂತ. ಯಾರು ಕೇಳಿದರೂ ಕಾಗದದಲ್ಲಿರುವ ವಯಸ್ಸನ್ನೇ ಹೇಳಬೇಕೆಂದು ಅಪ್ಪ ಅವನಿಗೆ ಶಾಲೆ ಸೇರಿದ ದಿನದಿಂದ ಬಾಯಿಪಾಠ ಮಾಡಿಸಿದ್ದ. ಹುಡುಗ ಒಮ್ಮೆ ಅಪ್ಪನ ಹಣೆಯ ಬೆವರನ್ನು ನೋಡಿದ. ಮೀಸೆ ಇನ್ನೂ ಸರಿಯಾಗಿ ಚಿಗುರದ ತುಟಿ ಒರೆಸಿಕೊಂಡ.

"ನೈನ್‌ಟೀನ್, ಮ್ಯಾಮ್."

ಮಾರ್ಗರೆಟ್ ಕನ್ನಡಕ ಹಾಕಿಕೊಂಡು ಪೆನ್ನೆತ್ತಿದಳು. ಕೌಸಲ್ಯಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ತಡೀರಿ!" ಜಯತೀರ್ಥ ಕನ್ನಡದಲ್ಲೇ ಕೂಗಿಬಿಟ್ಟ. ಮೇಲೆದ್ದು, ಮಗನ ತಲೆಯ ಮೇಲೆ ಕೈಯಿಡಲು ಹೋಗಿ, ಯಾಕೋ ಹಿಂದಕ್ಕೆಳೆದುಕೊಂಡ. ಆಮೇಲೆ ಒಂದೊಂದೇ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸಿದ.

"ಬರ್ಕೊಳ್ಳಿ ಮೇಡಂ. ಅವತ್ತು ನನ್ನ ಮಗನ ಕೈ ಕಿವಿಗೆ ನಿಲುಕಿರಲಿಲ್ಲ. ಮಾಸ್ತರರು ಆ ಕಡೆ ತಿರುಗಿದಾಗ ಕಿವಿ ಕೈಗೆ ಸಿಗಲೆಂದು ಅವನ ಕುತ್ತಿಗೆ ಬಗ್ಗಿಸಿದವನು ನಾನು."