ಮೂರು ಮನೆಯ ಕಾರ್ಡು

ಎರಡು ಕಾರ್ಡು ಆಗಲೇ ಕೈಚೀಲ ಸೇರಿದ್ದವು. ಮೂರನೆಯದಕ್ಕಾಗಿ ವರ್ಲೀನ್ ತನ್ನ ಬೀದಿಯ ಓಡೆಟ್ ಅಜ್ಜಿಯ ಮನೆಮುಂದಿನ ಅಂಚೆಪೆಟ್ಟಿಗೆಯ ಮುಚ್ಚಳ ಎಳೆದಳು. ತುಕ್ಕು ಹಿಡಿದ ಮುಚ್ಚಳ ಕಿರ್ರೆಂದಿತು.

ಬೆಳಗಿನ ಹನ್ನೊಂದು ಗಂಟೆ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಅಂಚೆಯ ಬಿಳಿ ವ್ಯಾನು ಈಗಷ್ಟೇ ಚರ್ಚಿನ ತಿರುವು ದಾಟಿತ್ತು. ಬೇರೆಯವರ ಅಂಚೆ ಮುಟ್ಟಿದರೆ ಜೈಲು. ಶಾಲೆಯ ಅಡುಗೆಮನೆಯ ಕೆಲಸವೂ ಹೋಗುತ್ತದೆ. ಅದೆಲ್ಲ ಅವಳಿಗೆ ಗೊತ್ತಿತ್ತು. ಆದರೆ ಅವಳ ಭಯ ಜೈಲಿನದಲ್ಲ.

ಹಳದಿ ಕಾರ್ಡಿನ ಮುಂಬದಿಯಲ್ಲಿ ರಾಯ್ಸ್ ಬ್ರೂಸಾರ್ಡನ ಫೋಟೊ ಇತ್ತು. ಲೈಂಗಿಕ ಅಪರಾಧಕ್ಕೆ ಇಪ್ಪತ್ತಾರು ವರ್ಷ ಜೈಲಿನಲ್ಲಿದ್ದವನು ಈಗ ಬೀದಿಯ ಕೊನೆಯಲ್ಲಿ ಖಾಲಿ ಬಿದ್ದಿದ್ದ ತನ್ನ ಹಳೆಯ ಮನೆಗೆ ಬರುತ್ತಿದ್ದಾನೆ. ಅಂಥವನು ಪೊಲೀಸರಲ್ಲಿ ಹೆಸರು ಬರೆಸಬೇಕು. ಸುತ್ತಲ ಪ್ರತಿ ಮನೆಗೂ ತನ್ನ ಖರ್ಚಿನಲ್ಲೇ ಕಾರ್ಡು ಕಳಿಸಿ, ನಾನು ಇಂಥವನು, ಇಂಥದ್ದು ಮಾಡಿದವನು ಎಂದು ತಿಳಿಸಬೇಕು. ಇದು ರಾಜ್ಯದ ಕಾನೂನು. ಒಳ್ಳೆಯ ಕಾನೂನೇ ಎಂದು ವರ್ಲೀನ್ ಕೂಡ ಒಪ್ಪುತ್ತಿದ್ದಳು.

ಹೋದ ವಾರ ಸರ್ಕಾರಿ ಕಚೇರಿಯಿಂದ ಒಬ್ಬಾಕೆ ಫೋನ್ ಮಾಡಿದ್ದಳು.

"ಕಾರ್ಡು ಹೋಗೋದನ್ನ ತಡೆಯೋಕಾಗಲ್ಲಮ್ಮ. ಆದ್ರೆ ನಿಮ್ಮ ಹೆಸರು ಅದ್ರಲ್ಲಿ ಎಲ್ಲೂ ಬರಲ್ಲ. ಹೆದರ್ಬೇಡಿ."

"ನಮ್ಮ ಬೀದಿ ಎಷ್ಟು ಚಿಕ್ಕದು ಅಂತ ಗೊತ್ತೇನ್ರೀ ನಿಮಗೆ?"

ಆಕೆ ಯಾವುದೋ ನಿಯಮದ ಸಂಖ್ಯೆ ಹೇಳಿ ಫೋನ್ ಇಟ್ಟಳು.

ಅಂದಿನಿಂದ ವರ್ಲೀನ್‌ಗೆ ಅನ್ನ ಸೇರಲಿಲ್ಲ, ಕಣ್ಣಿಗೆ ನಿದ್ದೆ ಹತ್ತಲಿಲ್ಲ. ರಾಯ್ಸ್ ಸಮುದ್ರದ ಎಣ್ಣೆಬಾವಿಯ ಕೆಲಸಕ್ಕೆ ಹೋದನೆಂದು ಇಪ್ಪತ್ತಾರು ವರ್ಷದ ಹಿಂದೆ ಬೀದಿಯವರನ್ನು ನಂಬಿಸಿದವಳು ಅವಳ ತಾಯಿ. ವಿಚಾರಣೆ ನಡೆದದ್ದು ದೂರದ ಪಟ್ಟಣದಲ್ಲಿ, ಇಲ್ಲಿಗೆ ಅದರ ಸುಳಿವೇ ಮುಟ್ಟಿರಲಿಲ್ಲ. ಸಾಯುವಾಗಲೂ ತಾಯಿ, "ಮನೆ ಮಾತು ಮನೇಲೇ ಇರ್ಲಿ ಕಣೆ" ಎಂದು ಕೈ ಹಿಡಿದು ಹೇಳಿದ್ದಳು. ವರ್ಲೀನ್ ಆ ಸುಳ್ಳನ್ನು ಜೀವದಂತೆ ಕಾಪಾಡಿಕೊಂಡು ಬಂದಿದ್ದಳು. ರಾಯ್ಸ್ ಹೇಗಿದ್ದಾನೆಂದು ಯಾರಾದರೂ ಕೇಳಿದರೆ, ಆರಾಮಾಗಿದ್ದಾನೆ ಎನ್ನುವಳು. ಅವನನ್ನು ಬಲ್ಲ ಹಳಬರ ಮನೆಗಳು ಬೀದಿಯಲ್ಲಿ ಉಳಿದಿದ್ದವು ಮೂರೇ. ಮಿಕ್ಕವರೆಲ್ಲ ಈಚೆಗೆ ಬಾಡಿಗೆಗೆ ಬಂದವರು.

ಕಾರ್ಡು ಸಿಕ್ಕಿತು. ಅಜ್ಜಿಯ ಕರೆಂಟು ಬಿಲ್ಲನ್ನು ಹಾಗೇ ಬಿಟ್ಟು ಮುಚ್ಚಳ ಹಾಕಿದಳು.

"ಏನ್ರೀ ತಗೊಂಡ್ರಿ ಅದ್ರಿಂದ?"

ಎದುರು ಮನೆಯ ಕೆಂಡ್ರಾ. ಹೋದ ವರ್ಷ ಬಂದವಳು, ಎರಡು ಪುಟ್ಟ ಮಕ್ಕಳ ತಾಯಿ. ಅವಳ ಕೈಯಲ್ಲೂ ಹಳದಿ ಕಾರ್ಡು ಇತ್ತು.

"ನಮ್ಮನೆ ಕಾಗದ... ತಪ್ಪಿ ಇಲ್ಲಿ..." ವರ್ಲೀನ್ ತೊದಲಿದಳು.

"ಬಿಡ್ರೀ ಸುಳ್ಳು. ಕಿಟಕೀಲಿ ನಿಂತು ನೋಡ್ತಾನೇ ಇದೀನಿ. ಲೆಜೂನ್ ತಾತಂದು ತೆಗೆದ್ರಿ. ಎಬೇರ್ ಅಕ್ಕತಂಗೀರ್ದು ತೆಗೆದ್ರಿ. ಈಗ ಅಜ್ಜೀದು. ನನ್ನದ್ಯಾಕೆ ಬಿಟ್ರೋ?"

"ನಿಮ್ಮನೇಲಿ ಮಕ್ಕಳಿದಾರಲ್ಲ. ನಿಮಗೆ ಗೊತ್ತಾಗ್ಬೇಕು."

"ಆಹಾ, ಏನ್ ಉಪಕಾರ! ಇದ್ರಲ್ಲಿ ಬ್ರೂಸಾರ್ಡ್ ಅಂತಿದೆ. ನಿಮ್ಮ ಪೆಟ್ಟಿಗೆ ಮೇಲೂ ಬ್ರೂಸಾರ್ಡ್ ಅಂತಾನೇ ಇದೆ. ನಿಮ್ಮವನೇ ತಾನೇ?"

"ನನ್ನವನಲ್ಲ."

"ಮತ್ತೆ ಈ ಕಳ್ಳತನ ಯಾರಿಗೋಸ್ಕರ? ಅವನು ಒಂದು ಮಗೂಗೆ ಏನ್ ಮಾಡಿದಾನೆ ಗೊತ್ತಾ ನಿಮಗೆ?"

"ಗೊತ್ತು."

"ಗೊತ್ತಿದ್ದೂ ಮುಚ್ಚಿಡ್ತೀರಾ? ಥೂ! ಆ ಮಗು ಜಾಗದಲ್ಲಿ ನಿಂತು ಒಂದ್ಸಲನಾದ್ರೂ ಯೋಚ್ನೆ ಮಾಡಿದೀರಾ?"

ವರ್ಲೀನ್ ಕಾರ್ಡನ್ನು ಕೈಚೀಲಕ್ಕೆ ತುರುಕಿ ಹೊರಡಲು ತಿರುಗಿದಳು. ಅಷ್ಟರಲ್ಲಿ ಬಾಗಿಲು ತೆರೆದು, ಬೆಂಡೆಕಾಯಿ ಸಾರಿನ ಘಮದ ಹಿಂದೆಯೇ ಓಡೆಟ್ ಅಜ್ಜಿ ಕೋಲೂರಿಕೊಂಡು ಜಗಲಿಗೆ ಬಂದಳು.

"ಏನ್ರೇ ಅದು, ಬೀದೀಲಿ ನಿಂತು ರಂಪ? ನನ್ನ ಪೆಟ್ಟಿಗೆಗೇನಾಯ್ತು?"

"ನಿಮ್ಮ ಕಾಗದ ಕದ್ದಿದಾರೆ ಅಜ್ಜಿ. ಇವರನ್ನೇ ಕೇಳಿ."

"ವರ್ಲೀನ್ ಕದಿಯೋದಾ? ತಲೆ ಕೆಟ್ಟಿದೆಯೇನೇ ನಿನಗೆ? ಒಂದು ಬಿಸ್ಕತ್ತು ಬೇಕಾದ್ರೂ ಬಾಗಿಲಲ್ಲಿ ನಿಂತು ಕೇಳಿ ತಗೊಳ್ತಿದ್ದ ಮಗು ಅದು."

"ಹಾಗಾದ್ರೆ ಏನ್ ಕದ್ದಿದಾರೆ ಅಂತ ಓದ್ತೀನಿ, ಕೇಳಿ." ಕೆಂಡ್ರಾ ತನ್ನ ಕಾರ್ಡನ್ನು ಮುಖದ ಮುಂದೆ ಹಿಡಿದಳು.

ವರ್ಲೀನ್ ಅವಳತ್ತ ಧಾವಿಸಿದಳು. "ಬೇಡ ಕೆಂಡ್ರಾ. ನಿಮ್ಮ ಕಾಲಿಗೆ ಬೀಳ್ತೀನಿ, ಅಜ್ಜಿ ಮುಂದೆ ಓದ್ಬೇಡಿ. ಪೊಲೀಸ್ರನ್ನ ಕರೀರಿ, ಹಿಡಿದುಕೊಡಿ, ನಾನೇನೂ ಅನ್ನಲ್ಲ."

ಆ ಮಾತು ಕೆಂಡ್ರಾಳ ಸಿಟ್ಟಿಗೆ ತುಪ್ಪ ಸುರಿಯಿತು. ಇಡೀ ಬೀದಿಗೆ ಕೇಳಲಿ ಎಂಬಂತೆ ಹೆಸರು, ವಿಳಾಸ, ಶಿಕ್ಷೆ ಎಲ್ಲವನ್ನೂ ಓದಿದಳು. ಅಜ್ಜಿ ಬಾಯ ಮೇಲೆ ಕೈಯಿಟ್ಟುಕೊಂಡಳು.

"ನಮ್ಮ ರಾಯ್ಸಾ? ಚರ್ಚಲ್ಲಿ ಹಾಡ್ತಿದ್ದನಲ್ಲ, ಆ ರಾಯ್ಸಾ?"

"ಅವನೇ. ಹಿಂದ್ಗಡೇನೂ ಇದೆ, ಕೇಳಿ." ಕೆಂಡ್ರಾ ಕಾರ್ಡು ತಿರುಗಿಸಿ, ಸಣ್ಣ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿದಳು. "'ಸಂತ್ರಸ್ತೆಯ ಹೆಸರನ್ನು ಕಾನೂನಿನಂತೆ ಮುದ್ರಿಸಿಲ್ಲ. ಅಪರಾಧಿಗೆ ಸಂಬಂಧ: ಮಲಮಗಳು. ಆಗಿನ ವಯಸ್ಸು: ಹತ್ತು.' ಕೇಳಿದ್ರಾ ಅಜ್ಜಿ? ಯಾರ ಮಗುವೋ ಏನೋ, ಪಾಪ!"

ಅಜ್ಜಿ ಕೆಂಡ್ರಾಳ ಕಡೆ ತಿರುಗಲಿಲ್ಲ. ಕೋಲೂರಿಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದು, ವರ್ಲೀನ್‌ಳ ಕೈ ಹಿಡಿದುಕೊಂಡಳು.

"ನಿಮ್ಮಮ್ಮ ರಾಯ್ಸ್‌ನ ಮದುವೆ ಮಾಡ್ಕೊಂಡು ಈ ಬೀದಿಗೆ ಬಂದಾಗ, ಅವಳ ಕಂಕುಳಲ್ಲಿದ್ದ ಮಗು ನೀನೇ ಅಲ್ವೇನೇ, ವರ್ಲೀನ್?"